ಪಡಸಾಲೆಗೆ ಬಂದ ‘ತಿಥಿ’

2017ರ ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನದ ನಿಮಿತ್ತ ನಾವು ಹಾನಗಲ್ಲಿಗೆ ಹೋಗಿದ್ದೆವು. ಪ್ರವಚನವಾಗಿ, ಮಂಗಲವಾಗಿ, ಪ್ರಸಾದವಾದ ಮೇಲೆ ನಮ್ಮ ವಾಸ್ತವ್ಯ ಹಳೆಯ ಪರಿಚಯದ ಸದ್ಭಕ್ತರೊಬ್ಬರ ಮನೆಯಲ್ಲಿ. ಮೂರು ತಲೆಮಾರಿನವರು ಒಂದೇ ಒಲೆಯ ಅನ್ನ ಉಣ್ಣುವ ಮನೆ ಅದು. 84 ವರ್ಷದ ಹಿರಿಯ ಯಜಮಾನರು, ಒಕ್ಕಲುತನ ನೋಡಿಕೊಳ್ಳುವ ಅವರ ಹಿರಿಯ ಮಗ, ಹುಬ್ಬಳ್ಳಿಯಲ್ಲಿ ಓದುವ ಮೊಮ್ಮಗ. ರಜೆಗೆಂದು ಬಂದ ಮೊಮ್ಮಗ ಪೆನ್ ಡ್ರೈವಿನಲ್ಲಿ ಒಂದು ಚಲನಚಿತ್ರ ತಂದಿದ್ದ. ಪಡಸಾಲೆಯ ಟಿ.ವಿ.ಗೆ ಅದನ್ನು ಜೋಡಿಸಿ, “ಇದಕ್ಕ ರಾಷ್ಟ್ರಪ್ರಶಸ್ತಿ ಬಂದೈತಿ, ಅಜ್ಜಾ ನೀನೂ ನೋಡು” ಎಂದು ಮುದುಕರನ್ನು ಮುಂದೆ ಕೂರಿಸಿದ. ಚಿತ್ರದ ಹೆಸರು ‘ತಿಥಿ’.

ಹೆಸರಿಗೇ ಮೊದಲ ಆಕ್ಷೇಪಣೆ ಎದ್ದಿತು. “ಶ್ರಾವಣದಾಗ ಮನ್ಯಾಗ ಅಂಥಾ ಹೆಸರು ತಗೀಬ್ಯಾಡ್ರೋ” ಎಂದು ಮನೆಯ ತಾಯಿ ಗದರಿದರು. ಸಂಸ್ಕೃತದಲ್ಲಿ ತಿಥಿಯೆಂದರೆ ಚಾಂದ್ರಮಾನದ ದಿನವಷ್ಟೇ, ಅದರಲ್ಲಿ ಅಮಂಗಲವೇನೂ ಇಲ್ಲವೆಂದು ನಾವು ಸಮಾಧಾನ ಹೇಳಿದೆವು. ದಕ್ಷಿಣದ ಕಡೆಗೆ ಅದು ಉತ್ತರಕ್ರಿಯೆಯ ದಿನದ ಹೆಸರಾಗಿದೆಯೆಂಬುದನ್ನು ಮಾತ್ರ ಹೇಳಲಿಲ್ಲ. ಪಂಡಿತರಾದವರು ಇಂಥ ಅರ್ಧಸತ್ಯಗಳನ್ನು ಆಡುವುದುಂಟು.

ಚಿತ್ರ ಆರಂಭವಾಗಿ ಐದು ನಿಮಿಷವಾಗಿರಲಿಲ್ಲ. ದಾರಿಯ ಬದಿಗೆ ಕುಳಿತ ಮುದುಕನೊಬ್ಬ ಹೋಗಿ ಬರುವವರನ್ನೆಲ್ಲ ಬೈಯತೊಡಗಿದ. ಅವು ಸಾಮಾನ್ಯ ಬೈಗುಳಗಳಲ್ಲ. ಅಚ್ಚು ಹಾಕಲು ಬಾರದಂಥವು. ಸೊಸೆಯಂದಿರು ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಸರಿದರು; ಆದರೆ ಬಾಗಿಲ ಮರೆಯಿಂದ ನಗೆ ಕೇಳಿಸುತ್ತಲೇ ಇದ್ದಿತು. ಮನೆಯ ಯಜಮಾನರು ಎರಡು ಸಲ ಕೆಮ್ಮಿದರು. ನಾವು ವಿಭೂತಿ ಧರಿಸಿ ಕುಳಿತವರು, ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡತೊಡಗಿದೆವು. ಕಿವಿ ಮಂದವಾಗಿದ್ದ ಹಿರಿಯರೊಬ್ಬರೇ ಎಲ್ಲರ ನಗೆ ಕಂಡು ತಾವೂ ನಕ್ಕು, “ಏನಂದ? ಏನಂದ ಅಂವಾ?” ಎಂದು ಕೇಳಿದರು. ಅವನು ಅಂದುದನ್ನು ಅವರಿಗೆ ತಿಳಿಸಿ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ರಾತ್ರಿ ನಮ್ಮ ಮನಸ್ಸಿನಲ್ಲಿ ಉಳಿದುದು ಈ ನಗೆಯಲ್ಲ, ಇನ್ನೊಂದು ಗಳಿಗೆ. ಅದನ್ನು ಹೇಳುವ ಮೊದಲು ಚಿತ್ರದ ವಿಚಾರ ಸ್ವಲ್ಪ ತಿಳಿಸಬೇಕು.

‘ತಿಥಿ’ಯನ್ನು ನಿರ್ದೇಶಿಸಿದವರು ರಾಮ್ ರೆಡ್ಡಿ. ಕಥೆಯಲ್ಲಿ ಅವರ ಜೊತೆಗಾರರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದ ಈರೇಗೌಡರು. ಅದೇ ಊರು, ಅದೇ ಹೊಲಗದ್ದೆ, ಅದೇ ಜನ. ನಟರೆಂದು ಹೇಳಿಕೊಳ್ಳುವವರು ಬಹುಮಟ್ಟಿಗೆ ಇಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ‘ಗೋಲ್ಡನ್ ಲೆಪರ್ಡ್’ ಪ್ರಶಸ್ತಿ ಇದಕ್ಕೆ ದೊರೆಯಿತು. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದಿತು. 2016ರ ಮೇ ತಿಂಗಳಲ್ಲಿ ರಾಜ್ಯದ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ನಮ್ಮ ತಾಲೂಕುಗಳಲ್ಲಿ ನಮಗೆ ಪರಿಚಯವಿರುವ ಯಾರೂ ಅದನ್ನು ಚಿತ್ರಮಂದಿರದಲ್ಲಿ ನೋಡಿದವರಲ್ಲ. ನೋಡಿದವರೆಲ್ಲ ಮನೆಯಲ್ಲಿಯೇ ನೋಡಿದವರು.

ಕಥೆ ಸರಳ. ನೂರೊಂದು ವರ್ಷದ ಸೆಂಚುರಿಗೌಡ ಒಂದು ದಿನ ದಾರಿಯಲ್ಲಿಯೇ ಕುಸಿದು ಸಾಯುತ್ತಾನೆ. ಅವನ ಮಗ ಗಡ್ಡಪ್ಪ, ತಾನೂ ಮುದುಕ. ಅವನಿಗೆ ಹೊಲವೂ ಬೇಡ, ಮನೆಯೂ ಬೇಡ, ಬೀಡಿ ಮತ್ತು ಬ್ರಾಂಡಿ ಇದ್ದರೆ ಬಯಲಲ್ಲಿ ತಿರುಗುತ್ತಿರುವವನು. ಗಡ್ಡಪ್ಪನ ಮಗ ತಮ್ಮಣ್ಣನಿಗೆ ಹೊಲ ಮಾರುವ ಅವಸರ. ಸತ್ತ ಅಜ್ಜನ ಜಮೀನು ಕಾಯಿದೆಯಂತೆ ಮೊದಲು ಅಪ್ಪನಿಗೆ ಬರಬೇಕು; ಅಪ್ಪನೋ ಕಚೇರಿಯ ಮೆಟ್ಟಿಲು ಹತ್ತಲೊಲ್ಲ. ಹೀಗಾಗಿ ಮಗ ಅಪ್ಪನ ಕೈಗೆ ಹಣ ಕೊಟ್ಟು ದೇಶ ಸುತ್ತಲು ಕಳಿಸಿ, ಅವನು ಸತ್ತನೆಂದು ಸುಳ್ಳು ಕಾಗದ ಮಾಡಿಸುತ್ತಾನೆ. ಇತ್ತ ಹನ್ನೊಂದನೆಯ ದಿನ ಊರಿಗೆ ಊರನ್ನೇ ಉಣ್ಣಿಸಲು ಸಾಲ. ತಮ್ಮಣ್ಣನ ಮಗ ಅಭಿಯಂತೂ ಕುರಿಗಾರರ ಹುಡುಗಿಯ ಬೆನ್ನು ಹತ್ತಿದವನು. ತಿಥಿಯ ದಿನ ಏನಾಗುತ್ತದೆಂಬುದನ್ನು ನೋಡದವರ ಸಲುವಾಗಿ ಬಿಡುತ್ತೇವೆ.

ಸಾವು, ಸಾಲ, ಮೋಸಗಳನ್ನೇ ವಸ್ತುವಾಗಿಸಿಕೊಂಡು ನಗಿಸುವ ಇಂಥ ಚಿತ್ರಗಳಿಗೆ ಕರಾಳ ಹಾಸ್ಯವೆಂಬ ಹೆಸರಿದೆ. ನಾವು ಮಠದಲ್ಲಿ ಅಲಂಕಾರಶಾಸ್ತ್ರ ಓದುವಾಗ ಕರುಣರಸವು ಹಾಸ್ಯಕ್ಕೆ ವಿರೋಧಿ, ಎರಡನ್ನೂ ಒಂದೆಡೆ ಕೂಡಿಸಲಾಗದು ಎಂದು ‘ಸಾಹಿತ್ಯದರ್ಪಣ’ದ ಮಾತನ್ನು ಕಂಠಪಾಠ ಮಾಡಿದ್ದೆವು. ಸಾವಿನ ಮನೆಯಲ್ಲಿ ಒಮ್ಮೆಯಾದರೂ ರಾತ್ರಿ ಕಳೆದವರಿಗೆ ಗೊತ್ತು, ಲಕ್ಷಣಕಾರರು ಅಲ್ಲಿಗೆ ಬಂದವರಲ್ಲ. ಭಜನೆಯ ನಡುವೆ ಚಹಾ ಬಂದಾಗ ಜಗುಲಿಯ ಮೇಲೆ ಏಳುವ ನಗೆ ಯಾವ ಹಾಸ್ಯನಾಟಕದಲ್ಲಿಯೂ ಏಳದು. ಜಪಾನಿನ ಇತಾಮಿ ಜೂಝೋ ಎಂಬ ನಿರ್ದೇಶಕರು 1984ರಲ್ಲಿಯೇ ಒಂದು ಅಂತ್ಯಕ್ರಿಯೆಯನ್ನು ಕುರಿತು ಇಂಥ ಚಿತ್ರ ಮಾಡಿದರು. ನೆರೆಯ ಕೇರಳದಲ್ಲಿ ಕ್ರೈಸ್ತ ಮನೆತನವೊಂದರ ಸಾವನ್ನು ಕುರಿತ ‘ಈ.ಮ.ಯೌ.’ 2018ರಲ್ಲಿ ಬಂದಿತು. ಎಲ್ಲ ಮತದವರಿಗೂ ಇದು ಗೊತ್ತಿರುವ ನಗೆ.

ಈಗ ಹಾನಗಲ್ಲಿನ ಪಡಸಾಲೆಗೆ ಮರಳೋಣ. ತಮ್ಮಣ್ಣ ತಂದೆಯ ಮರಣದ ದಾಖಲೆಗಾಗಿ ಓಡಾಡುವ ಭಾಗ ಬಂದಿತು. ಅಲ್ಲಿಯೂ ನಗೆಗೆ ಎಡೆಯಿದೆ. ಆದರೆ ಆ ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಮನೆಯ ಯಜಮಾನರು “ದನಾ ನೋಡಿ ಬರ್ತೀನಿ” ಎಂದು ಎದ್ದು ಹಿತ್ತಲಿಗೆ ಹೋದರು. ರಾತ್ರಿ ಹತ್ತೂವರೆಯ ಹೊತ್ತಿಗೆ ದನಗಳಿಗೇನಾಗಬೇಕಿದ್ದಿತೋ ಶಿವನೇ ಬಲ್ಲ. ಹಿರಿಯರಿಗೆ ಮಾತು ಕೇಳಿಸದಿದ್ದರೂ ಕಣ್ಣಿಗೆ ಕಚೇರಿ, ಕಾಗದ, ಕೈಬದಲಾಗುವ ನೋಟು ಕಂಡಿದ್ದವು. ಮೊಮ್ಮಗನ ಕಡೆಗೆ ತಿರುಗಿ, “ನಮ್ಮ ಹೊಲದ ಉತಾರದಾಗ ನನ್ನ ಹೆಸರು ಇನ್ನೂ ಐತೇನಪಾ?” ಎಂದು ಕೇಳಿದರು. ನಗುತ್ತಲೇ ಕೇಳಿದರು. ಮೊಮ್ಮಗ ಟಿ.ವಿ.ಯ ಸದ್ದನ್ನು ಹೆಚ್ಚಿಸಿದ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದಾಗ ಯಜಮಾನರು ನಮ್ಮೆದುರು ಚಿತ್ರವನ್ನು ಬಹಳ ನಿಂದಿಸಿದರು. “ಶಾಸ್ತ್ರಿಗಳ, ಇಂಥಾ ಹೊಲಸು ಮಾತಿನ ಪಿಕ್ಚರ್ ಹೆಂಗಸ್ರು ಮಕ್ಕಳು ಇರೋ ಮನ್ಯಾಗ ನೋಡಾಕ ಬರ್ತದೇನ್ರಿ?” ಬೈಗುಳದ ವಿಚಾರದಲ್ಲಿ ಅವರ ಮಾತಿಗೆ ನಮ್ಮ ಒಪ್ಪಿಗೆಯಿದ್ದಿತು. ಕಾಗದದ ವಿಚಾರವನ್ನು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅಂದಿನಿಂದ ಹೋದಹೋದಲ್ಲಿ ಈ ಚಿತ್ರದ ಪ್ರಸ್ತಾಪ ಬಂದಾಗ ನಾವು ಕಿವಿಗೊಡತೊಡಗಿದೆವು. ಎಲ್ಲಿಯೂ ಮೊದಲ ದೂರು ಬೈಗುಳದ ಮೇಲೆಯೇ. ಹಾಗಾದರೆ ಹಿಂದೆ ನಮ್ಮ ಭಾಗದಲ್ಲಿ ಅಂಥ ಮಾತುಗಳಿರಲಿಲ್ಲವೇ? ಸುಗ್ಗಿ ಮುಗಿದ ಮೇಲೆ ಬೆಳತನಕ ನಡೆಯುತ್ತಿದ್ದ ಸಣ್ಣಾಟಗಳನ್ನು ನೋಡಿದವರು ಇಲ್ಲವೆನ್ನಲಾರರು. ಕಂಪನಿ ನಾಟಕಗಳ ಹಾಸ್ಯಪಾತ್ರಧಾರಿಗಳು ಎರಡರ್ಥದ ಮಾತಿನಲ್ಲಿಯೇ ಹೊಟ್ಟೆ ಹೊರೆದರು. ಮಠಗಳೂ ರಂಗಭೂಮಿಗೆ ಬೆನ್ನು ತಿರುಗಿಸಲಿಲ್ಲ. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಗದುಗಿನ ಆಶ್ರಮದ ಅಂಧ ಬಾಲಕರ ಅನ್ನಕ್ಕಾಗಿ ನಾಟಕ ಸಂಘವನ್ನೇ ಕಟ್ಟಿ ಊರೂರು ತಿರುಗಿಸಿದರು. ಆದರೆ ಆ ಆಟಗಳೆಲ್ಲ ನಡೆಯುತ್ತಿದ್ದುದು ಮನೆಯ ಹೊರಗೆ. ಅಪ್ಪ ಒಂದು ಕಡೆ ಕೂತರೆ ಮಗ ಇನ್ನೊಂದು ಕಡೆ. ಗಂಡಸರು ಒಂದು ಬದಿ, ಹೆಣ್ಣುಮಕ್ಕಳು ಒಂದು ಬದಿ. ಕತ್ತಲಲ್ಲಿ ಯಾರು ಯಾವ ಮಾತಿಗೆ ನಕ್ಕರೆಂದು ಲೆಕ್ಕ ಇಡುವವರಿರಲಿಲ್ಲ.

ವ್ಹಿ.ಸಿ.ಆರ್. ಬಂದ ಕಾಲದಲ್ಲಿಯೂ ಆ ಅಂತರ ಅಷ್ಟಿಷ್ಟು ಉಳಿದಿದ್ದಿತು. ಎಂಬತ್ತರ ದಶಕದ ಕೊನೆಗೆ ಗಣೇಶ ಚೌತಿಗೋ ಜಾತ್ರೆಗೋ ಪಟ್ಟಣದಿಂದ ಟಿ.ವಿ., ವ್ಹಿ.ಸಿ.ಆರ್. ಬಾಡಿಗೆಗೆ ತಂದು ಊರ ಕಟ್ಟೆಯ ಮೇಲಿಡುತ್ತಿದ್ದರು. ಒಂದು ರಾತ್ರಿಗೆ ಮೂರು ಚಿತ್ರ. ಮೊದಲನೆಯದು ಭಕ್ತಿಯದು, ಎರಡನೆಯದು ರಾಜಕುಮಾರರದು, ಮೂರನೆಯದು ಹುಡುಗರದು. ಎರಡನೆಯದು ಮುಗಿಯುತ್ತಲೇ ಹಿರಿಯರು ಚಾಪೆ ಮಡಚಿಕೊಂಡು ಮನೆಗೆ ಹೋಗುತ್ತಿದ್ದರು. ಯಾರೂ ಅವರಿಗೆ ಹೋಗಿರೆಂದು ಹೇಳುತ್ತಿರಲಿಲ್ಲ, ಅವರೂ ಮೂರನೆಯದು ಯಾವುದೆಂದು ಕೇಳುತ್ತಿರಲಿಲ್ಲ. ಈಗ ಪಡಸಾಲೆಯಲ್ಲಿಯೇ ಆಟ. ಎದ್ದು ಹೋಗುವುದೆಂದರೆ ಎಲ್ಲಿಗೆ? ಅಡುಗೆಮನೆಗೆ, ಇಲ್ಲವೇ ದನದ ಕೊಟ್ಟಿಗೆಗೆ.

ಶಿಗ್ಗಾವಿಯಲ್ಲಿ ಒಂದು ಮಧ್ಯಾಹ್ನ ನಾಲ್ಕೈದು ಜನ ಗೃಹಿಣಿಯರು ಕೂಡಿದ್ದಾಗ ಈ ಮಾತು ಬಂದಿತು. ಅವರಲ್ಲಿ ಮೂವರು ಚಿತ್ರವನ್ನು ಮೊಬೈಲಿನಲ್ಲಿ ನೋಡಿದ್ದರು. ಗಂಡಂದಿರ ಜೊತೆಗಲ್ಲ, ತಾವು ತಾವೇ, ಕೆಲಸ ಮುಗಿದ ಮೇಲೆ. ಬೈಗುಳ ಅವರಿಗೆ ದೊಡ್ಡ ವಿಷಯವೆನಿಸಿರಲಿಲ್ಲ. “ಅಂಥಾವು ನಾವು ದಿನಾ ಕೇಳ್ತೀವಿ ಬಿಡ್ರಿ” ಎಂದು ಒಬ್ಬರು ಅಂದುಬಿಟ್ಟರು. ಸಾಲ ಕೊಡುವ ಕಮಲಕ್ಕನ ಪಾತ್ರವನ್ನು ಅವರು ಬಹಳ ಮೆಚ್ಚಿದ್ದರು. ಅವರಲ್ಲೊಬ್ಬ ವಿಧವೆ ಮಾತ್ರ ಸುಮ್ಮನೆ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಹೇಳಿದರು: ಗಂಡನ ಗಣಾರಾಧನೆಗೆಂದು ಸಂಘದಲ್ಲಿ ಎತ್ತಿದ ಸಾಲ ಎರಡು ವರ್ಷವಾದರೂ ತೀರಿಲ್ಲ, ಪ್ರತಿ ವಾರ ಕಂತು ಕಟ್ಟುತ್ತಿದ್ದಾರೆ. “ಹುಗ್ಗಿ ಉಂಡವರು ಚಲೋ ಆತು ಅಂದ್ರು. ಮರತ್ರು. ನನಗ ಮಾತ್ರ ಮಂಗಳವಾರ ಬಂದಾಗೊಮ್ಮೆ ಅದ ಹುಗ್ಗಿ ನೆನಪಾಕ್ಕೈತಿ.”

ಈ ಮಾತು ನಮ್ಮನ್ನು ಚುಚ್ಚಿತು, ಏಕೆಂದರೆ ಅಂಥ ಪಂಕ್ತಿಗಳಲ್ಲಿ ನಾವೂ ಉಂಡವರು. ಇಷ್ಟಲಿಂಗಧಾರಿಗೆ ಸಾವಿನ ಸೂತಕವಿಲ್ಲ, ಪಿಂಡವಿಲ್ಲ, ಶ್ರಾದ್ಧವಿಲ್ಲವೆಂದು ನಾವು ಗುರುಗಳ ಪಾದದಡಿಯಲ್ಲಿ ಕಲಿತವರು, ವೇದಿಕೆಗಳ ಮೇಲೆ ಹೇಳಿದವರು. ದೇಹವನ್ನು ಕೂರಿಸಿ, ವಿಮಾನ ಕಟ್ಟಿ, ಲಿಂಗಸಹಿತ ಸಮಾಧಿ ಮಾಡಿದ ಮೇಲೆ ಶಾಸ್ತ್ರದ ಮಾತು ಮುಗಿಯುತ್ತದೆ. ಜಂಗಮಕ್ಕೆ ನೀಡುವ ದಾಸೋಹ ಬೇರೆ. ಅದಕ್ಕೆ ಎಲೆಗಳ ಲೆಕ್ಕವಿಲ್ಲ. ಆದರೆ ಈಗಿನ ಶಿವಗಣಾರಾಧನೆಯ ಪತ್ರಿಕೆಗಳು ಮದುವೆಯ ಪತ್ರಿಕೆಗಳಿಗೆ ಹೆಗಲೆಣೆಯಾಗಿವೆ. “ಇಂಥವರ ಮನ್ಯಾಗ ಎಷ್ಟು ಮಂದಿ ಉಂಡ್ರು?” ಎಂಬ ಪ್ರಶ್ನೆಗೆ ಉತ್ತರಿಸಲು ಮನೆಯವರು ಹೊಲ ಒತ್ತೆಯಿಡುತ್ತಾರೆ. ಸಿದ್ಧಾಂತದಲ್ಲಿ ತಿಥಿಯಿಲ್ಲವೆನ್ನುವ ನಾವು ಆಚರಣೆಯಲ್ಲಿ ತಮ್ಮಣ್ಣನಿಗಿಂತ ಬಹಳ ದೂರದಲ್ಲಿಲ್ಲ. ಅವನ ಊಟದಲ್ಲಿ ಬಾಡಿತ್ತು, ನಮ್ಮದರಲ್ಲಿ ಗೋದಿ ಹುಗ್ಗಿ. ಸಾಲದ ಬಡ್ಡಿಗೆ ಆ ಭೇದ ತಿಳಿಯದು.

ಸವಣೂರಿನಲ್ಲಿ ಕೇಳಿದ ಮಾತಿಗೆ ಉತ್ತರವಾಗಿ ಇದನ್ನು ಹೇಳುತ್ತಿದ್ದೇವೆ. ಅಲ್ಲಿ ಎಲೆಬಳ್ಳಿಯ ತೋಟವಿರುವ ಒಬ್ಬ ಗೃಹಸ್ಥರು, “ಅದು ಮಂಡ್ಯಾದ ಕಡೆಯವರ ಕಥಿ, ಅವರ ಮಾತು ನಮಗ ತಿಳಿಯೂದಿಲ್ಲ, ಅವರ ಪದ್ಧತಿ ನಮ್ಮದಲ್ಲ” ಎಂದು ಒಂದೇ ಏಟಿಗೆ ಚಿತ್ರವನ್ನು ಜಿಲ್ಲೆಯ ಗಡಿಯಾಚೆ ಇಟ್ಟರು. ಮಾತು ತಿಳಿಯದೆಂಬುದು ಅರ್ಧ ನಿಜ. ನಮಗೂ ಎಷ್ಟೋ ಮಾತುಗಳಿಗಾಗಿ ಹುಡುಗರ ಮುಖ ನೋಡಬೇಕಾಯಿತು. ಆದರೆ ಅಲ್ಲಿಯೇ ಕುಳಿತಿದ್ದ ನಿವೃತ್ತ ತಲಾಟಿಯೊಬ್ಬರು ನಕ್ಕುಬಿಟ್ಟರು. “ವಾರಸಾ ಮಾಡಸಾಕ ಬಂದವರು ಯಾವ ಊರಿನವರಾದ್ರೂ ಒಂದ ಭಾಷೆ ಮಾತಾಡ್ತಾರ್ರಿ” ಎಂದರು. ಮರಣದ ದಾಖಲೆ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ ಇವೆಲ್ಲ ಕೂಡುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಇನ್ನೊಂದು ಸಾವಾಗಿರುತ್ತದೆ. ಹೀಗಾಗಿ ಉತಾರದಲ್ಲಿ ಸತ್ತವರ ಹೆಸರುಗಳೇ ಉಳಿಯುತ್ತವೆ. ಅಂಥ ಜಮೀನುಗಳನ್ನು ವಾರಸುದಾರರ ಹೆಸರಿಗೆ ತರಲು ರಾಜ್ಯ ಸರಕಾರ 2025ರಲ್ಲಿ ಪೌತಿ ಖಾತೆಯ ಆಂದೋಲನವನ್ನೇ ಹೂಡಬೇಕಾಯಿತೆಂದರೆ ತಮ್ಮಣ್ಣನ ತೊಡಕು ಒಂದೂರಿನದಲ್ಲ.

ತಲಾಟಿಯವರು ಹೇಳಿದ ಇನ್ನೊಂದು ಮಾತು ಹಿರಿಯ ಓದುಗರಿಗೆ ಉಪಯೋಗವಾದೀತು. ಸತ್ತವರ ಹೆಸರು ಉತಾರದಲ್ಲಿ ಉಳಿಯುವಂತೆಯೇ ಬದುಕಿರುವವರ ಹೆಸರು ಅವರಿಗೆ ಅರಿವಾಗದಂತೆ ಹೋಗುವುದೂ ಉಂಟು. ಪ್ರೀತಿಯಿಂದ ಮಗನಿಗೆ ದಾನಪತ್ರ ಬರೆದುಕೊಟ್ಟು, ಮುಂದೆ ತುತ್ತಿಗೂ ಕೈಯೊಡ್ಡುವ ತಂದೆತಾಯಿಗಳಿದ್ದಾರೆ. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಕಲಮು ಅಂಥವರಿಗಾಗಿ ಇದೆ. ತಮ್ಮನ್ನು ಸಾಕಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ಸಾಕದಿದ್ದರೆ, ಆ ಪತ್ರವನ್ನು ರದ್ದುಪಡಿಸಲು ಅರ್ಜಿ ಹಾಕಬಹುದು. ಆದುದರಿಂದ ಬರೆದುಕೊಡುವಾಗ ಆ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಒಳಿತು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳು ನಡೆಸುವ ನ್ಯಾಯಮಂಡಳಿ ವಿಚಾರಿಸುತ್ತದೆ. ಸವಣೂರಿನ ಅಂಥ ಕಚೇರಿಯ ಜಗುಲಿಯ ಮೇಲೆ ನಾವೊಮ್ಮೆ ಮುದುಕ ದಂಪತಿಗಳನ್ನು ಕಂಡೆವು. ಬುತ್ತಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ತಾರೀಖು ಯಾರ ಮೇಲೆ ಎಂದು ಕೇಳಿದ್ದಕ್ಕೆ, “ನಮ್ಮ ಹುಡುಗನ ಮ್ಯಾಲ” ಎಂದರು. ‘ನಮ್ಮ ಹುಡುಗ’ ಎಂಬ ಮಾತು ಅಲ್ಲಿಯೂ ಬಿಟ್ಟಿರಲಿಲ್ಲ.

ಹಿರೇಕೆರೂರಿನ ಹುಡುಗರ ರೀತಿಯೇ ಬೇರೆ. ಅವರು ಇಡೀ ಚಿತ್ರವನ್ನು ನೋಡಿದವರೇ ಅಲ್ಲ. ಸೆಂಚುರಿಗೌಡ ಬೈಯುವ, ಗಡ್ಡಪ್ಪ ಗೊಣಗುವ ತುಣುಕುಗಳನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡು ನಗುತ್ತಿದ್ದರು. ಅಬಲೂರು, ಮಾಸೂರುಗಳ ಸೀಮೆ ಅದು. ಸರ್ವಜ್ಞ ನಮ್ಮವನೆಂದು ಹೇಳಿಕೊಳ್ಳುವ ಜನ. ಒರಟು ಮಾತಿಗೆ ಅಲ್ಲಿಯವರು ಬೆಚ್ಚುವವರಲ್ಲ. ನಮ್ಮ ದೂರು ಒರಟುತನದ ಮೇಲಲ್ಲ, ತುಂಡರಿಸುವುದರ ಮೇಲೆ. ಬೈಗುಳವನ್ನು ಕತ್ತರಿಸಿ ತೆಗೆದರೆ ಬೈದವನು ಮುಂದಿನ ಗಳಿಗೆಗೆ ಸಾಯುವವನೆಂಬುದು ಮರೆಯಾಗುತ್ತದೆ. ಆ ಇಬ್ಬರು ಮುದುಕರನ್ನೂ ಮುಂದೆ ವ್ಯಾಪಾರೀ ಚಿತ್ರಗಳವರು ಕರೆದೊಯ್ದು ಅದೇ ಮಾತುಗಳನ್ನು ಆಡಿಸಿದರು. ಸೆಂಚುರಿಗೌಡನ ಪಾತ್ರ ವಹಿಸಿದ್ದ ಸಿಂಗ್ರಿಗೌಡರು 2020ರ ಜನೇವರಿಯಲ್ಲಿ ನಿಜವಾಗಿಯೂ ತೀರಿಕೊಂಡರು. ಅಂದೂ ಅದೇ ತುಣುಕುಗಳು ಓಡಾಡಿದವು.

ಅದೇ ವರುಷ ಕೊರೊನಾ ಬಂದಿತು. ಮಾರ್ಚದಲ್ಲಿ ಲಾಕ್‌ಡೌನ್ ಆದಾಗ ನಾವು ಹಿರೇಕೆರೂರಿನಲ್ಲಿ ಮಗಳ ಮನೆಯಲ್ಲಿದ್ದೆವು, ಅಲ್ಲಿಯೇ ಉಳಿಯಬೇಕಾಯಿತು. ಅಂತ್ಯಸಂಸ್ಕಾರಕ್ಕೆ 20 ಜನರಿಗಿಂತ ಹೆಚ್ಚು ಕೂಡಬಾರದೆಂದು ಸರಕಾರದ ಆಜ್ಞೆಯಾಗಿದ್ದಿತು. ಮಗ್ಗುಲ ಮನೆಯ ಹಿರಿಯರು ವಯೋಧರ್ಮದಿಂದ ಲಿಂಗೈಕ್ಯರಾದರು. ವಿಮಾನಕ್ಕೆ ಹೂವಿಲ್ಲ, ಭಜನೆಯ ಮೇಳವಿಲ್ಲ. ಹೆಣ್ಣುಮಕ್ಕಳು ಬೇರೆ ಬೇರೆ ಊರಿನಿಂದ ಮೊಬೈಲಿನಲ್ಲಿ ಮುಖ ನೋಡಿ ಅತ್ತರು. ಗಣಾರಾಧನೆಯ ದಿನ ಮನೆಯವರು ಐವರೇ ಪ್ರಸಾದ ಮಾಡಿದರು. ಸಾಲವಾಗಲಿಲ್ಲ, ಲೆಕ್ಕವಾಗಲಿಲ್ಲ, ಆಡಂಬರವಾಗಲಿಲ್ಲ. ನಾವು ವೇದಿಕೆಯ ಮೇಲೆ ನಲವತ್ತು ವರ್ಷ ಬೋಧಿಸಿದುದೆಲ್ಲ ಒಂದು ರೋಗದ ಭಯದಿಂದ ನೆರವೇರಿತು.

ಕೆಲವು ವಾರಗಳ ಮೇಲೆ, ಹೊತ್ತು ಹೋಗದ ಒಂದು ಸಂಜೆ, ನಮ್ಮ ಅಳಿಯಂದಿರು ಅದೇ ‘ತಿಥಿ’ಯನ್ನು ಹಚ್ಚಿದರು. ಮಗ್ಗುಲ ಮನೆಯ ಸೊಸೆ ಹೆಪ್ಪು ಕೇಳಲು ಬಂದವರು ಬಾಗಿಲಲ್ಲಿಯೇ ನಿಂತು ನೋಡತೊಡಗಿದರು. ಅವರ ಮನೆಯಲ್ಲಿ ಆದುದನ್ನು ನೆನೆದು ಅಳಿಯಂದಿರು ಆರಿಸಲು ಹೋದರು. ಆಕೆ ಬೇಡವೆಂದು ಕೈ ಮಾಡಿದರು. ಬೈಗುಳಕ್ಕೆ ನಕ್ಕರು, ಗಡ್ಡಪ್ಪನ ನಡಿಗೆಗೆ ನಕ್ಕರು. ಊಟದ ಭಾಗ ಬಂದಿತು. ಜನ ಸೇರಿ, ಪಂಕ್ತಿ ಕುಳಿತು, ಬಡಿಸುವವರು ಓಡಾಡುವುದನ್ನು ನೋಡುತ್ತ ನೋಡುತ್ತ ಆಕೆಗೆ ದುಃಖ ತಡೆಯದಾಯಿತು. “ನಮ್ಮ ಮಾವಾರಿಗೆ ಇಷ್ಟು ಮಂದೀನೂ ಬರಲಿಲ್ಲಲ್ಲೋ ಯಪ್ಪಾ” ಎಂದು ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಶಿಗ್ಗಾವಿಯ ತಾಯಿಯ ಕಂತು ಒಂದು ಕಡೆ, ಈ ತಾಯಿಯ ಕಣ್ಣೀರು ಒಂದು ಕಡೆ. ಎರಡಕ್ಕೂ ಸಲ್ಲುವ ಒಂದು ಉತ್ತರ ನಮ್ಮ ಶಾಸ್ತ್ರದ ಗಂಟಿನಲ್ಲಿ ಅಂದು ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ಸಾಲ ಮಾಡಿ ಉಣ್ಣಿಸಬೇಡಿರೆಂದು ಈಗಲೂ ಹೇಳುತ್ತೇವೆ. ಆದರೆ ಊಟವೇ ಬೇಡವೆಂದು ಹೇಳುವ ನಾಲಗೆ ಆ ಸಂಜೆಯಿಂದ ಏಳುತ್ತಿಲ್ಲ. ಆಕೆ ಬೇಡಿದ್ದು ಹುಗ್ಗಿಯನ್ನಲ್ಲ, ಮಂದಿಯನ್ನು.

ಹಾನಗಲ್ಲಿನ ಹಿರಿಯರು ಮರುವರುಷವೇ, 2018ರಲ್ಲಿ, ಲಿಂಗೈಕ್ಯರಾಗಿದ್ದರು. ಗಣಾರಾಧನೆಗೆ ನಾವು ಹೋಗಿದ್ದೆವು. ಹಂದರ ಓಣಿಯ ತುದಿಯ ತನಕ ಹಾಕಿದ್ದರು. ಪಂಕ್ತಿ ಎದ್ದ ಮೇಲೆ ಪಡಸಾಲೆಯಲ್ಲಿ ಯಜಮಾನರೂ ಅವರ ಇಬ್ಬರು ತಮ್ಮಂದಿರೂ ವಾಟ್ಣಿಯ ಮಾತು ತೆಗೆದರು. ಮಾತು ಏರಿತು. ಟಿ.ವಿ.ಯ ಮೇಲೆ ಹಿರಿಯರ ಭಾವಚಿತ್ರಕ್ಕೆ ಹೂವಿನ ಮಾಲೆ ಹಾಕಿತ್ತು. ಮೊಮ್ಮಗ ನಮ್ಮ ಕಡೆಗೆ ಒಮ್ಮೆ ನೋಡಿ ತಲೆ ತಗ್ಗಿಸಿದ.

ಕಳೆದ ಸಲ ಆ ಮಾರ್ಗವಾಗಿ ಹೋದಾಗ ವಿಚಾರಿಸಿದೆವು. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯಂತೆ.